ಆಸ್ಪತ್ರೆಯ ಸರದಿ ಬೆಳೆಯುವ ಲೆಕ್ಕ

ಒಬ್ಬ ಡಾಕ್ಟರು ರೋಗಿಯೊಬ್ಬರಿಗೆ ಸರಾಸರಿ 5 ನಿಮಿಷ ಕೊಡುತ್ತಾರೆ ಎಂದುಕೊಳ್ಳಿ. ಗಂಟೆಗೆ 12 ಮಂದಿಯನ್ನು ನೋಡಬಹುದು. ಓಪಿಡಿಗೆ ಗಂಟೆಗೆ ಬರುವವರು 11 ಮಂದಿ ಮಾತ್ರ. ಹಾಗಿದ್ದರೆ ಯಾರೂ ಹೆಚ್ಚು ಹೊತ್ತು ಕಾಯಬೇಕಿಲ್ಲ ಅಲ್ಲವೇ? ಗಣಿತ ಒಪ್ಪುವುದಿಲ್ಲ. ಅದರ ಪ್ರಕಾರ ಪ್ರತಿಯೊಬ್ಬರೂ ಸರಾಸರಿ 55 ನಿಮಿಷ ಬೆಂಚಿನ ಮೇಲೆ ಕೂತಿರಬೇಕು!

ಸರದಿಯ ಈ ಗಣಿತ ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ, ದೂರವಾಣಿ ಕಚೇರಿಯಲ್ಲಿ. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದ ಎ. ಕೆ. ಎರ್ಲಾಂಗ್ 1909ರಲ್ಲಿ ಇದಕ್ಕೆ ಅಡಿಪಾಯ ಹಾಕಿದರು. ಕರೆಗಳು ಗಡಿಯಾರ ನೋಡಿಕೊಂಡು ಬರುವುದಿಲ್ಲ, ರೋಗಿಗಳೂ ಅಷ್ಟೇ. ಕೆಲವೊಮ್ಮೆ ಹತ್ತು ನಿಮಿಷ ಯಾರೂ ಇಲ್ಲ, ಮರುಕ್ಷಣ ನಾಲ್ವರು ಒಟ್ಟಿಗೆ. ಒಬ್ಬರ ನೆಗಡಿ ಎರಡು ನಿಮಿಷದಲ್ಲಿ ಮುಗಿದರೆ, ಇನ್ನೊಬ್ಬರ ಎದೆನೋವಿಗೆ ಇಪ್ಪತ್ತು ನಿಮಿಷ ಬೇಕು. ಡಾಕ್ಟರು ಖಾಲಿ ಕೂತ ನಿಮಿಷಗಳನ್ನು ಆಮೇಲೆ ಬರುವವರಿಗಾಗಿ ಎತ್ತಿಡಲಾಗದು. ಆದರೆ ಆದ ತಡ ಮಾತ್ರ ಹಿಂದೆ ಕೂತ ಎಲ್ಲರ ಮೇಲೂ ಬೀಳುತ್ತದೆ.

ಇಂಥ ಏರುಪೇರನ್ನು ಲೆಕ್ಕಕ್ಕೆ ಹಿಡಿದರೆ ಸಿಗುವ ಉತ್ತರ ಬೆರಗು ಹುಟ್ಟಿಸುತ್ತದೆ. ಅದೇ ಡಾಕ್ಟರ ಬಳಿ ಗಂಟೆಗೆ 6 ಮಂದಿ ಬಂದರೆ ಸರಾಸರಿ ಕಾಯುವಿಕೆ 5 ನಿಮಿಷ. 9 ಮಂದಿಗೆ 15 ನಿಮಿಷ. 10 ಮಂದಿಗೆ 25. ಇನ್ನೊಬ್ಬರು ಸೇರಿದರೆ ಒಮ್ಮೆಲೇ 55. ಹನ್ನೆರಡನೆಯವರೂ ಸೇರಿದರೆ ಸರದಿ ಬೆಳೆಯುತ್ತಲೇ ಹೋಗುತ್ತದೆ. ಕೊನೆಯ ಚೂರು ಬಿಡುವನ್ನೂ ಹಿಂಡಿ ತೆಗೆಯಲು ಹೊರಟಾಗಲೇ ಕಾಯುವ ಹೊತ್ತು ಜಿಗಿಯುವುದು.

ಬ್ರಿಟನ್ನಿನ ಸಂಖ್ಯಾಶಾಸ್ತ್ರಜ್ಞ ನಾರ್ಮನ್ ಬೈಲಿ 1952ರಲ್ಲಿ ಈ ತಿಳಿವಳಿಕೆಯನ್ನು ಹೊರರೋಗಿ ವಿಭಾಗಕ್ಕೆ ತಂದರು. ಎಲ್ಲರನ್ನೂ ಬೆಳಿಗ್ಗೆಯೇ ಕರೆಸಿ ಕೂರಿಸಿದರೆ ಡಾಕ್ಟರಿಗೆ ಬಿಡುವಿರುವುದಿಲ್ಲ ನಿಜ, ಆದರೆ ಅದರ ಬೆಲೆ ತೆರುವವರು ರೋಗಿಗಳು. ಬೈಲಿಯವರ ಸಲಹೆ ಸರಳವಾಗಿತ್ತು: ಶುರುವಿಗೆ ಇಬ್ಬರನ್ನು ಕರೆಯಿರಿ, ನಂತರ ಸರಾಸರಿ ತಪಾಸಣೆಯ ಅವಧಿಗೆ ಒಬ್ಬರಂತೆ ಸಮಯ ಕೊಡಿ.

ಇನ್ನು ರೋಗಿಯ ತೃಪ್ತಿ. ಅದು ನಿಮಿಷಗಳ ಲೆಕ್ಕವಷ್ಟೇ ಅಲ್ಲ. ಎಷ್ಟು ಹೊತ್ತು, ಏಕೆ ತಡ ಎಂದು ತಿಳಿಯದ ಕಾಯುವಿಕೆ ಇರುವುದಕ್ಕಿಂತ ದೀರ್ಘವೆನಿಸುತ್ತದೆ, ಆತಂಕ ಅದನ್ನು ಮತ್ತಷ್ಟು ಹಿಗ್ಗಿಸುತ್ತದೆ ಎಂದು ಆಡಳಿತ ತಜ್ಞ ಡೇವಿಡ್ ಮೈಸ್ಟರ್ 1985ರಲ್ಲೇ ಬರೆದಿದ್ದರು. ಅಮೆರಿಕದ ಐದು ಸಾವಿರಕ್ಕೂ ಹೆಚ್ಚು ರೋಗಿಗಳ ಅಭಿಪ್ರಾಯ ಪಡೆದು 2007ರಲ್ಲಿ ಪ್ರಕಟವಾದ ಅಧ್ಯಯನ ಇನ್ನೊಂದು ಅಂಶ ಕಂಡುಕೊಂಡಿತು: ಹೊರಗೆ ಕಾದ ಹೊತ್ತಿಗಿಂತ ಒಳಗೆ ಡಾಕ್ಟರು ಕೊಟ್ಟ ಹೊತ್ತೇ ತೃಪ್ತಿಯನ್ನು ಹೆಚ್ಚು ನಿರ್ಧರಿಸುತ್ತದೆ.

ತೊಡಕಿರುವುದು ಇಲ್ಲೇ. ಸರದಿ ಉದ್ದವಾದಷ್ಟೂ ಡಾಕ್ಟರು ಅವಸರಪಡುತ್ತಾರೆ, ಒಳಗಿನ ಹೊತ್ತು ಮೊಟಕಾಗುತ್ತದೆ. 67 ದೇಶಗಳ ಮಾಹಿತಿಯನ್ನು ಒಟ್ಟುಗೂಡಿಸಿದ 2017ರ ವಿಶ್ಲೇಷಣೆಯಲ್ಲಿ ಪ್ರಾಥಮಿಕ ಚಿಕಿತ್ಸೆಯ ಭೇಟಿ ಸ್ವೀಡನ್ನಿನಲ್ಲಿ ಸರಾಸರಿ 22.5 ನಿಮಿಷವಿದ್ದರೆ, ಬಾಂಗ್ಲಾದೇಶದಲ್ಲಿ ಬರೀ 48 ಸೆಕೆಂಡು. ರೋಗಿ ಕಾದಿದ್ದೂ ಆಯಿತು, ಹೇಳಬೇಕಾದ್ದು ಬಾಯಲ್ಲೇ ಉಳಿಯಿತು. ಹೊರಗೆ ಕಾಯುವವರ ಸಿಟ್ಟು ಮೊದಲು ತಟ್ಟುವುದು ಚೀಟಿ ಬರೆಯುವವರಿಗೆ, ನರ್ಸ್‌ಗಳಿಗೆ. ಅವರ ಕೈಯಲ್ಲಿ ಸರದಿ ಕರಗಿಸುವ ಅಧಿಕಾರವಿಲ್ಲ. ಇಂಥ ದುಡಿಮೆ ತರುವ ಬಸವಳಿಕೆಯನ್ನು ಅಳೆಯಲು ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನಾ ಮಾಸ್ಲಾಕ್ 1981ರಲ್ಲಿ ಮಾಪಕವೊಂದನ್ನು ರೂಪಿಸಿದರು. ಅದು ಗುರುತಿಸುವ ಲಕ್ಷಣಗಳಲ್ಲಿ ಒಂದು, ಎದುರಿಗಿರುವವರನ್ನು ಮನುಷ್ಯರಂತೆ ಕಾಣಲಾಗದಷ್ಟು ಮನಸ್ಸು ಮರಗಟ್ಟುವುದು. ಆ ಸ್ಥಿತಿಗೆ ತಲುಪಿದ ಸಿಬ್ಬಂದಿಯಿಂದ ರೋಗಿ ಒಳ್ಳೆಯ ಮಾತನ್ನು ನಿರೀಕ್ಷಿಸುವುದು ಹೇಗೆ?

ಹೀಗಾಗಿ ರೋಗಿಯ ತೃಪ್ತಿ, ಸಿಬ್ಬಂದಿಯ ನೆಮ್ಮದಿ ಬೇರೆ ಬೇರೆ ಸಮಸ್ಯೆಗಳಲ್ಲ. ಟೋಕನ್ ಯಂತ್ರ, ಮೊಬೈಲ್ ನೋಂದಣಿ ಬಂದರೆ ಕೌಂಟರಿನ ಮುಂದಿನ ಸಾಲು ಕರಗೀತು. ಡಾಕ್ಟರ ಬಾಗಿಲಿನ ಮುಂದಿನದು ಕರಗದು. ಅದಕ್ಕೆ ಹೆಚ್ಚು ಕೈಗಳು ಬೇಕು, ವೇಳಾಪಟ್ಟಿಯಲ್ಲಿ ಒಂದಿಷ್ಟು ಬಿಡುವೂ ಬೇಕು. ಡಾಕ್ಟರೊಬ್ಬರು ಐದು ನಿಮಿಷ ಸುಮ್ಮನೆ ಕೂತದ್ದು ಕಂಡರೆ ಆಸ್ಪತ್ರೆಯ ಆಡಳಿತ ಅದನ್ನು ಪೋಲು ಎಂದು ಬರೆದುಕೊಳ್ಳಬಾರದು. ಸರದಿಯನ್ನು ಹಿಡಿತದಲ್ಲಿಡುವುದು ಆ ಬಿಡುವೇ.