ಬೇಸಗೆಯ ಹಸಿಮೇವು

ಯಲಹಂಕ, ಹೆಸರಘಟ್ಟದ ಸುತ್ತಿನ ಗ್ರಾಮಗಳಲ್ಲಿ ಹಾಲಿನ ಹುಟ್ಟುವಳಿಯನ್ನೇ ನೆಚ್ಚಿದ ಕುಟುಂಬಗಳು ಅನೇಕವಾಗಿವೆ. ಶಿವರಾತ್ರಿ ಕಳೆಯಿತೆಂದರೆ ಬದುವಿನ ಹುಲ್ಲು ಒಣಗುವುದು, ರಾಗಿಹುಲ್ಲಿನ ಮೆದೆ ಕರಗುವುದು, ಹಸುಗಳ ಹಾಲೂ ಇಳಿಯುವುದು.

ನ್ಯೂಜಿಲೆಂಡ್, ಇಂಗ್ಲೆಂಡ್ ದೇಶಗಳ ಹಸುಗಾವಲುಗಳಿಗೆ ಬಹುವಾರ್ಷಿಕ ರೈಹುಲ್ಲು ಆಧಾರವಾಗಿದೆ. ಇದನ್ನು ಕೇಳಿ ಅದರ ಬೀಜಕ್ಕೆ ಹಣ ತೆರುವುದು ಯುಕ್ತವಲ್ಲ. ಅದು ತಂಪು ಹವೆಯ ಹುಲ್ಲು. ನಮ್ಮ ಬೇಸಗೆಯ ಬಿಸಿಲನ್ನು ತಾಳಲಾರದು.

ನಮ್ಮ ಸೀಮೆಗೆ ತಕ್ಕುದು ಸಜ್ಜೆ ಮತ್ತು ನೇಪಿಯರ್ ಹುಲ್ಲುಗಳ ಮಿಶ್ರತಳಿ. ನೀರಿನ ಸೌಕರ್ಯವುಳ್ಳವರು ಕೊಟ್ಟಿಗೆಗೊಬ್ಬರವನ್ನು ಹಾಕಿ, ಎರಡು ಗೆಣ್ಣುಳ್ಳ ತುಂಡುಗಳನ್ನು ಸಾಲಿಗೆ 3 ಅಡಿ, ಗಿಡಕ್ಕೆ 2 ಅಡಿ ಅಂತರವಿಟ್ಟು ನೆಡತಕ್ಕದ್ದು. ಮೊದಲ ಕೊಯ್ಲು ಸುಮಾರು 70 ದಿನಗಳಿಗೆ, ಅನಂತರ 45 ದಿನಗಳಿಗೊಮ್ಮೆ ದೊರೆಯುವುದು. ಇದರೊಡನೆ ಅಲಸಂದೆಯ ಸೊಪ್ಪನ್ನೂ ಸೇರಿಸಿ ಹಾಕುವುದು ಮೇಲು.

ಮಳೆಗಾಲದ ಮೇವನ್ನು ಬೇಸಗೆಗೆ ಉಳಿಸಲು ಸೈಲೇಜೇ ಉಪಾಯ. ಮುಸುಕಿನ ಜೋಳವನ್ನು, ಕಾಳಿನ ಹಾಲು ಗಟ್ಟಿಯಾಗುತ್ತಿರುವಾಗ ಕೊಯ್ದು, ಒಂದಂಗುಲದ ತುಂಡುಗಳಾಗಿ ಕತ್ತರಿಸಬೇಕು. ನೀರು ನಿಲ್ಲದ ಎತ್ತರದ ಜಾಗದಲ್ಲಿ ಗುಂಡಿ ತೆಗೆದು, ಪದರಪದರವಾಗಿ ತುಂಬಿ ಬಲವಾಗಿ ತುಳಿದು, ಗಾಳಿಯಾಡದಂತೆ ಮುಚ್ಚಬೇಕು. ಗಾಳಿ ಉಳಿದರೆ ಬೂಷ್ಟು ಹಿಡಿಯುವುದು. ಅಂತಹ ಮೇವನ್ನು ಹಸುವಿಗೆ ಹಾಕಲೇಬಾರದು. 45 ದಿನಗಳ ಮೇಲೆ ಗುಂಡಿಯನ್ನು ತೆರೆಯಬಹುದು. ಚೆನ್ನಾಗಿ ಪಕ್ವವಾದ ಮೇವಿಗೆ ಹಿತವಾದ ಹುಳಿವಾಸನೆಯಿರುವುದು.

ಹಸುವೊಂದಕ್ಕೆ ದಿನಕ್ಕೆ 15 ಕಿಲೋ ಮೇರೆಗೆ 90 ದಿನಗಳಿಗೆ 1,350 ಕಿಲೋ ಬೇಕು. ಇದಕ್ಕೆ ಸುಮಾರು 3 ಘನಮೀಟರಿನ ಗುಂಡಿ ಸಾಕು.

ಗ್ರಾಮದ ಮುಖಂಡರು ಮೊದಲು ತಮ್ಮ ಹೊಲದಲ್ಲಿ ಇಂತಹ ಒಂದು ಗುಂಡಿಯನ್ನು ಮಾಡಿ ತೋರಿಸಿದರೆ, ಒಂದೆರಡು ಹಸುಗಳ ಬಡ ರೈತನೂ ಧೈರ್ಯ ತಾಳಿ ಅನುಸರಿಸುವನು. ಬೇಸಗೆಯಲ್ಲಿ ಹಸುವನ್ನು ಸಂತೆಗೆ ಹೊಡೆಯುವ ದುರವಸ್ಥೆ ಅವನಿಗೆ ತಪ್ಪುವುದು.