ಗೃಹಪ್ರವೇಶದ ಬೆನ್ನಿಗೇ ಬಿರುಕು: ಹೊಸ ಮನೆಗಳು ಸೋರುವುದೇಕೆ?

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬುದು ಹಿರಿಯರ ಮಾತು. ಇಂದಿನ ನಗರವಾಸಿಗಳಲ್ಲಿ ಅನೇಕರು ಮನೆ ಕಟ್ಟುವುದಿಲ್ಲ, ಕಟ್ಟಿದ್ದನ್ನು ಕೊಳ್ಳುತ್ತಾರೆ. ಅವರ ಕಷ್ಟ ಆರಂಭವಾಗುವುದು ಗೃಹಪ್ರವೇಶದ ನಂತರ. ಸಾಲದ ಕಂತುಗಳು ಇನ್ನೂ ಹತ್ತಾರು ವರ್ಷ ಬಾಕಿ ಇರುವಾಗಲೇ ಸ್ನಾನದ ಮನೆಯ ಗೋಡೆ ಒದ್ದೆಯಾಗುತ್ತದೆ, ಚಾವಣಿಯ ಗಾರೆ ಉದುರತೊಡಗುತ್ತದೆ.

ದೋಷ ಸಾಮಾನ್ಯವಾಗಿ ಸಿಮೆಂಟಿನದಲ್ಲ, ಅವಸರದ್ದು. ಕಾಂಕ್ರೀಟ್ ಒಣಗಿ ಗಟ್ಟಿಯಾಗುತ್ತದೆ ಎಂಬುದು ತಪ್ಪು ಕಲ್ಪನೆ. ಸಿಮೆಂಟು ಮತ್ತು ನೀರಿನ ರಾಸಾಯನಿಕ ಕ್ರಿಯೆಯಿಂದ ಅದು ಗಟ್ಟಿಯಾಗುತ್ತದೆ. ಆದ್ದರಿಂದಲೇ ಸಾದಾ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಕಾಂಕ್ರೀಟನ್ನು ಕನಿಷ್ಠ 7 ದಿನ, ಹಾರುಬೂದಿ ಮಿಶ್ರಿತ ಸಿಮೆಂಟಿನದನ್ನು ಕನಿಷ್ಠ 10 ದಿನ ಸತತವಾಗಿ ಒದ್ದೆಯಾಗಿಡಬೇಕೆಂದು ಭಾರತೀಯ ಮಾನಕ ಐಎಸ್ 456:2000 ವಿಧಿಸುತ್ತದೆ. ಕೆಲಸ ಬೇಗ ಮುಗಿಸುವ ಭರದಲ್ಲಿ ಮೊದಲು ಕಡಿತಗೊಳ್ಳುವುದು ಈ ಕ್ಯೂರಿಂಗ್.

ಎರಡನೆಯ ತಪ್ಪು, ಸುಲಭವಾಗಿ ಸುರಿಯಲೆಂದು ಮಿಶ್ರಣಕ್ಕೆ ಹೆಚ್ಚು ನೀರು ಬೆರೆಸುವುದು. ಹೆಚ್ಚುವರಿ ನೀರು ಆವಿಯಾದಾಗ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಅವುಗಳ ಮೂಲಕ ತೇವಾಂಶ ಮತ್ತು ಗಾಳಿ ಒಳಗಿನ ಕಬ್ಬಿಣವನ್ನು ತಲುಪುತ್ತವೆ. ಕಂಬಿಯ ಕೆಳಗೆ ಕವರ್ ಬ್ಲಾಕ್ ಇಡದೆ ಜಲ್ಲಿಯ ಚೂರನ್ನಿಟ್ಟರೆ, ಅದು ಜಾರಿ ಕಂಬಿ ಸೆಂಟ್ರಿಂಗ್ ಹಲಗೆಗೇ ತಾಗಿಬಿಡಬಹುದು. ಆಗ ಅದಕ್ಕೆ ರಕ್ಷಣೆಯೇ ಇಲ್ಲ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುವುದರಿಂದ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಹಿಂದಿನ ಮನೆಗಳಲ್ಲಿ ಹೆಂಚು ಒಡೆದರೆ ಅದೊಂದನ್ನೇ ಬದಲಿಸಬಹುದಿತ್ತು. ತಾರಸಿಯೊಳಗಿನ ಕಂಬಿಗೆ ಆ ಸೌಲಭ್ಯವಿಲ್ಲ.

ಕೊಂಡವರಿಗೆ ಕಾನೂನಿನ ಆಸರೆ ಇದೆ. 2016ರ ರಿಯಲ್ ಎಸ್ಟೇಟ್ ಕಾಯ್ದೆಯ (ರೇರಾ) 14(3)ನೇ ಕಲಮಿನ ಪ್ರಕಾರ, ಮನೆ ಸ್ವಾಧೀನಕ್ಕೆ ಬಂದ ಐದು ವರ್ಷಗಳೊಳಗೆ ರಚನೆ ಅಥವಾ ಕಾಮಗಾರಿಯ ದೋಷವನ್ನು ಗಮನಕ್ಕೆ ತಂದರೆ, ನಿರ್ಮಾಣದಾರರು 30 ದಿನಗಳಲ್ಲಿ ಉಚಿತವಾಗಿ ಸರಿಪಡಿಸಬೇಕು; ತಪ್ಪಿದರೆ ಪರಿಹಾರ ನೀಡಬೇಕು. ಆದರೆ 500 ಚದರ ಮೀಟರ್ ಮೀರದ ನಿವೇಶನದ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳಿಲ್ಲದ ಯೋಜನೆಗಳಿಗೆ ನೋಂದಣಿ ಕಡ್ಡಾಯವಲ್ಲ ಎಂಬುದನ್ನು ಕೊಳ್ಳುವ ಮುನ್ನವೇ ತಿಳಿದಿರಬೇಕು.

ತುಕ್ಕು ನಿಧಾನವಾಗಿ ಕೆಲಸ ಮಾಡುತ್ತದೆ. ಅದು ಹೊರಗೆ ಕಾಣುವಷ್ಟರಲ್ಲಿ ಐದು ವರ್ಷ ಕಳೆದಿರಬಹುದು. ಆದ್ದರಿಂದ ಮೊದಲ ಮಳೆಗಾಲದ ತೇವದ ಕಲೆಯ ಮೇಲೆ ಬಣ್ಣ ಬಳಿಯದೆ, ದಿನಾಂಕ ಸಹಿತ ಛಾಯಾಚಿತ್ರ ತೆಗೆದು ಲಿಖಿತ ದೂರು ನೀಡುವುದೇ ಜಾಣತನ.