ಮನೆಯ ಕಡಲನೀರಿನ ತೊಟ್ಟಿಗೆ ನೊರೆಶೋಧಕದ ಆಯ್ಕೆ

ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವುದು ನಮ್ಮ ನಗರಗಳ ಗೃಹಸ್ಥರಿಗೆ ಹೊಸತಲ್ಲ. ಸಿಹಿನೀರಿನ ಹೊಂಬಣ್ಣದ ಮೀನುಗಳು ಬಹುಕಾಲದಿಂದ ನಮ್ಮ ಪಡಸಾಲೆಗಳಲ್ಲಿವೆ. ಆದರೆ 2003ರಲ್ಲಿ ‘ಫೈಂಡಿಂಗ್ ನೀಮೋ’ ಎಂಬ ಚಲನಚಿತ್ರ ತೆರೆಕಂಡ ಮೇಲೆ, ಕಿತ್ತಳೆ ಮೈಗೆ ಬಿಳಿ ಪಟ್ಟೆಗಳಿರುವ ಕ್ಲೌನ್ ಮೀನು ಬೇಕೆಂದು ಮಕ್ಕಳು ಹಟ ಹಿಡಿಯುವುದೂ, ತಂದೆತಾಯಿಗಳು ಉಪ್ಪುನೀರಿನ ತೊಟ್ಟಿಯನ್ನು ಮನೆಗೆ ತರುವುದೂ ಕಾಣಬರುತ್ತಿದೆ. ಹೀಗೆ ತರಹೊರಟವರು ಅಂಗಡಿಯಲ್ಲಿ ಬೇಗನೆ ಕೇಳುವ ಹೆಸರು ‘ಪ್ರೋಟೀನ್ ಸ್ಕಿಮ್ಮರ್’. ಇದನ್ನು ನಾವು ನೊರೆಶೋಧಕ ಎನ್ನಬಹುದು. ಬೆಲೆ ಕಡಮೆಯದಲ್ಲ, ಬಗೆಗಳು ಹಲವು. ಯಾವುದನ್ನು ಕೊಳ್ಳಬೇಕು ಎಂಬುದಕ್ಕೆ ಉತ್ತರವು ಯಂತ್ರದಲ್ಲಿಲ್ಲ, ಆ ತೊಟ್ಟಿಯಲ್ಲಿ ಬಾಳಬೇಕಾದ ಜೀವಿಗಳಲ್ಲಿದೆ ಎಂಬುದೇ ನಮ್ಮ ಅಭಿಪ್ರಾಯ.

ನೊರೆ ಮಾಡುವ ಕೆಲಸ

ಆಲೆಮನೆಯನ್ನು ಕಂಡವರಿಗೆ ಇದರ ತತ್ತ್ವ ಸುಲಭವಾಗಿ ತಿಳಿಯುತ್ತದೆ. ಕಬ್ಬಿನ ಹಾಲು ಕುದಿಯುವಾಗ ಕಲ್ಮಷವೆಲ್ಲ ನೊರೆಯಾಗಿ ಮೇಲೇಳುತ್ತದೆ. ಅದನ್ನು ತೆಗೆದುಹಾಕಿದರೆ ಬೆಲ್ಲ ಶುದ್ಧವಾಗುತ್ತದೆ. ನೊರೆಶೋಧಕದಲ್ಲಿ ಬೆಂಕಿಯ ಬದಲಿಗೆ ಗಾಳಿಯಿದೆ. ಮೀನಿನ ಮಲ, ಲೋಳೆ, ತಿಂದುಳಿದ ಆಹಾರ ಇವುಗಳಿಂದ ನೀರಿನಲ್ಲಿ ಕರಗುವ ಜೈವಿಕ ವಸ್ತುಗಳಲ್ಲಿ ಹಲವಕ್ಕೆ ಒಂದು ತುದಿ ನೀರನ್ನು ಬಯಸುವ, ಇನ್ನೊಂದು ತುದಿ ನೀರನ್ನು ಒಲ್ಲದ ಸ್ವಭಾವವುಂಟು. ಆದ್ದರಿಂದ ಅವು ಗಾಳಿಯ ಗುಳ್ಳೆಗಳ ಮೈಗೆ ಅಂಟಿಕೊಂಡು ಮೇಲೇರಿ, ಕೊಳವೆಯ ಕತ್ತಿನಲ್ಲಿ ದಟ್ಟ ನೊರೆಯಾಗಿ, ಮೇಲಿನ ಬಟ್ಟಲಿಗೆ ಕಂದುಬಣ್ಣದ ದ್ರವವಾಗಿ ಬೀಳುತ್ತವೆ. ಉಪ್ಪುನೀರಿನಲ್ಲಿ ಗುಳ್ಳೆಗಳು ಒಂದರೊಡನೊಂದು ಸುಲಭವಾಗಿ ಕೂಡಿಕೊಳ್ಳದೆ ಸಣ್ಣವಾಗಿಯೇ ಉಳಿಯುತ್ತವೆ. ಸಿಹಿನೀರಿನ ಮನೆತೊಟ್ಟಿಗೆ ಈ ಯಂತ್ರ ಅಷ್ಟಾಗಿ ಒದಗದಿರಲು ಇದೇ ಮುಖ್ಯ ಕಾರಣ.

ಕಶ್ಮಲವು ಕೊಳೆತು ವಿಷವಾಗುವ ಮೊದಲೇ ಅದನ್ನು ಹೊರಹಾಕುವುದು ಇದರ ಹಿರಿಮೆ. ಆದರೆ ಈಗಾಗಲೇ ಹುಟ್ಟಿದ ಅಮೋನಿಯಾವನ್ನಾಗಲಿ ನೈಟ್ರೇಟನ್ನಾಗಲಿ ಇದು ತೆಗೆಯಲಾರದು. ಅಮೋನಿಯಾವನ್ನು ಪರಿವರ್ತಿಸುವ ಕೆಲಸ ತೊಟ್ಟಿಯ ಕಲ್ಲು ಮರಳುಗಳಲ್ಲಿ ನೆಲೆಸುವ ಬ್ಯಾಕ್ಟೀರಿಯಾಗಳದು. ಅವು ನೆಲೆಯೂರಲು ಹಲವು ವಾರಗಳೇ ಬೇಕು. ನೊರೆಶೋಧಕವನ್ನು ತಂದ ದಿನವೇ ಮೀನನ್ನೂ ತಂದು ಬಿಡುವವರು ಆ ಮೀನಿನ ಪ್ರಾಣವನ್ನೇ ಪಣಕ್ಕಿಡುತ್ತಾರೆ.

ಆಯ್ಕೆಯ ಕ್ರಮ

ಮೊದಲು ತೊಟ್ಟಿಯನ್ನು ಅಳೆಯಬೇಕು. 90 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ, 50 ಸೆಂ.ಮೀ. ಎತ್ತರದ ತೊಟ್ಟಿ ಸುಮಾರು 200 ಲೀಟರಿನದು. ಕಲ್ಲು, ಮರಳು ಕಳೆದು ನೀರು 170ರಿಂದ 180 ಲೀಟರ್ ಎಂದಿಟ್ಟುಕೊಳ್ಳಬಹುದು. ಎರಡನೆಯದಾಗಿ, ಅದರಲ್ಲಿ ಎಷ್ಟು ಮೀನುಗಳು ಇರಬೇಕೆಂಬುದನ್ನು ನಿಶ್ಚಯಿಸಬೇಕು. ಒಂದು ಜೋಡಿ ಕ್ಲೌನ್ ಮೀನು, ಇನ್ನೆರಡು ಸಣ್ಣ ಮೀನು ಈ ತೊಟ್ಟಿಗೆ ಸಾಕು. ಅದೇ ಚಿತ್ರದ ನೀಲಿ ಟ್ಯಾಂಗ್ ಮೀನು ಸುಮಾರು 30 ಸೆಂ.ಮೀ. ಬೆಳೆಯುವಂಥದು, ಅದಕ್ಕೆ ಈ ತೊಟ್ಟಿ ಸೆರೆಮನೆಯೇ ಸರಿ. ಎಂಥ ನೊರೆಶೋಧಕವೂ ಆ ಇಕ್ಕಟ್ಟನ್ನು ಪರಿಹರಿಸದು.

ಪೆಟ್ಟಿಗೆಯ ಮೇಲೆ ‘400 ಲೀಟರಿನವರೆಗೆ’ ಎಂದು ಮುದ್ರಿಸಿದ್ದರೆ ಅದು ಬಹುಮಟ್ಟಿಗೆ ಮೀನು ವಿರಳವಾಗಿರುವ ತೊಟ್ಟಿಯ ಲೆಕ್ಕ. ಮೀನು ಹೆಚ್ಚಿದ್ದರೆ ಅದನ್ನು ಅರ್ಧಕ್ಕಿಳಿಸಿ ಎಣಿಸುವುದು ಲೇಸು. ನಾವು ಮೇಲೆ ಹೇಳಿದ ತೊಟ್ಟಿಗೆ 300ರಿಂದ 400 ಲೀಟರೆಂದು ಗುರುತಿಸಿದ್ದು ಒಪ್ಪುತ್ತದೆ. ಹಾಗೆಂದು 1000 ಲೀಟರಿನದನ್ನು ತಂದರೆ, ಅದರ ಅಗಲವಾದ ಕತ್ತಿನಲ್ಲಿ ನೊರೆ ನಿಲ್ಲುವಷ್ಟು ಕಶ್ಮಲವೇ ದೊರೆಯದೆ ಬಟ್ಟಲು ಬರಿದಾಗಿಯೇ ಉಳಿಯುತ್ತದೆ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕೆಂಬ ಹಿರಿಯರ ಮಾತು ಇಲ್ಲಿಯೂ ಸಲ್ಲುತ್ತದೆ.

ಬಗೆಗಳಲ್ಲಿ ಮುಖ್ಯವಾದವು ಮೂರು. ಮರದ ಗಾಳಿಗುಂಡಿನಿಂದ ಗುಳ್ಳೆ ಬಿಡುವುದು ಹಳೆಯ ಬಗೆ. ಅಗ್ಗವಾದರೂ ಆ ಗುಂಡನ್ನು ಆಗಾಗ ಬದಲಿಸುತ್ತಿರಬೇಕು. ಕಿರಿದಾದ ಕೊರಳಿನಲ್ಲಿ ನೀರು ವೇಗವಾಗಿ ಹರಿಯುವಾಗ ಒತ್ತಡ ಕುಗ್ಗಿ ಗಾಳಿ ಒಳಸೇರುವುದು ಎರಡನೆಯದು. ಇಟಲಿಯ ವಿಜ್ಞಾನಿ ವೆಂಚುರಿಯ (1746–1822) ಹೆಸರು ಇದಕ್ಕಿದೆ. ಮೂರನೆಯದರಲ್ಲಿ ಪಂಪಿನ ಚಕ್ರಕ್ಕೆ ಸೂಜಿಯಂಥ ಮುಳ್ಳುಗಳಿದ್ದು ಅವು ಗಾಳಿಯನ್ನು ನುಣ್ಣಗೆ ಕಡೆಯುತ್ತವೆ. ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು ಇದೇ. ಈ ಗಾತ್ರದ ಯಂತ್ರಕ್ಕೆ 15 ವ್ಯಾಟ್ ವಿದ್ಯುತ್ತೆಂದರೂ, ಹಗಲಿರುಳು ನಡೆದರೆ ತಿಂಗಳಿಗೆ ಸುಮಾರು 11 ಯೂನಿಟ್ ಆಗುತ್ತದೆ.

ತೊಟ್ಟಿಯ ಕೆಳಗೆ ‘ಸಂಪ್’ ಎಂಬ ಮರಿತೊಟ್ಟಿಯಿದ್ದರೆ ಅದರೊಳಗೆ ಇಡುವಂಥದು ಉತ್ತಮ. ಇಲ್ಲದಿದ್ದರೆ ಹಿಂಬದಿಗೆ ತೂಗುಹಾಕುವಂಥದು. ಸಂಪಿನಲ್ಲಿ ನೀರಿನ ಆಳ ತಯಾರಕರು ಹೇಳಿದಷ್ಟೇ, ಸಾಮಾನ್ಯವಾಗಿ 15ರಿಂದ 22 ಸೆಂ.ಮೀ., ಒಂದೇ ಸಮನಾಗಿರಬೇಕು. ವಿದ್ಯುತ್ತು ನಿಂತಾಗ ಮೇಲಿನ ನೀರು ಸಂಪಿಗೆ ಇಳಿಯುತ್ತದೆ. ಮತ್ತೆ ಬಂದಾಗ ಏರಿದ ನೀರಿನಿಂದ ನೊರೆ ಉಕ್ಕಿ ಬಟ್ಟಲು ತುಂಬಿ ಹರಿಯಬಹುದು. ಆದ್ದರಿಂದ ಸಂಪಿನಲ್ಲಿ ತೆರವು ಇಟ್ಟಿರಬೇಕು. ವಿದ್ಯುತ್ತಿಲ್ಲದ ಹೊತ್ತಿನಲ್ಲಿ ಮೀನಿಗೆ ಉಸಿರು ಒದಗಿಸಲು ಬ್ಯಾಟರಿಯ ಗಾಳಿಪಂಪೊಂದು ಮನೆಯಲ್ಲಿರಲೇಬೇಕು.

ಅಮೆರಿಕದಲ್ಲಿರುವ ಮಕ್ಕಳು ಕಳಿಸಿದ ಯಂತ್ರವನ್ನು ಹಾಗೆಯೇ ಜೋಡಿಸಬಾರದು. ಅಲ್ಲಿನದು 120 ವೋಲ್ಟ್, 60 ಹರ್ಟ್ಸ್. ನಮ್ಮದು 230 ವೋಲ್ಟ್, 50 ಹರ್ಟ್ಸ್. ವೋಲ್ಟೇಜನ್ನು ಇಳಿಸಿಕೊಂಡರೂ ಅಲ್ಲಿನ ಪಂಪು ಇಲ್ಲಿ ಆರರಲ್ಲಿ ಐದು ಪಾಲು ವೇಗದಲ್ಲಷ್ಟೇ ತಿರುಗುತ್ತದೆ, ಗಾಳಿಯೂ ಕಡಮೆಯಾಗುತ್ತದೆ.

ಮನೆಯವರು ಅರಿತಿರಬೇಕಾದುದು

ನೊರೆಶೋಧಕವು ಕೋಣೆಯ ಗಾಳಿಯನ್ನೇ ಸೆಳೆದು ನೀರಿಗೆ ಬೆರೆಸುತ್ತದೆ ಎಂಬುದನ್ನು ತಾಯಂದಿರು ವಿಶೇಷವಾಗಿ ಗಮನಿಸಬೇಕು. ಸೊಳ್ಳೆ, ಜಿರಳೆಗಳ ಔಷಧಗಳಲ್ಲಿರುವ ಪೈರೆಥ್ರಾಯ್ಡ್ ಎಂಬ ವಿಷ ಮನುಷ್ಯರಿಗಿಂತ ಮೀನಿಗೂ ಸೀಗಡಿಗೂ ಬಹುಪಾಲು ಮಾರಕ. ಆ ಕೋಣೆಯಲ್ಲಿ ಅದನ್ನು ಸಿಂಪಡಿಸಬಾರದು, ಉರಿಸಬಾರದು. ಗಾಳಿಕೊಳವೆಯ ಬಾಯನ್ನು ಕಿಟಕಿಯ ಕಡೆಗೆ ಒಯ್ಯುವುದು ಒಳಿತು. ಎಣ್ಣೆ ತುಪ್ಪ ಸವರಿದ ಕೈಯನ್ನು ನೀರಿಗೆ ಅದ್ದಿದರೆ ನೊರೆ ಕುಸಿಯುತ್ತದೆ. ಕತ್ತಿಗೆ ಅಂಟಿದ ಜಿಡ್ಡನ್ನೂ ಎರಡು ಮೂರು ದಿನಕ್ಕೊಮ್ಮೆ ಒರೆಸಬೇಕು. ಹೊಸ ಯಂತ್ರ ಹದಕ್ಕೆ ಬರಲು ಕೆಲವು ದಿನಗಳಿಂದ ಎರಡು ವಾರ ಹಿಡಿಯುತ್ತದೆ. ಅಷ್ಟರಲ್ಲಿ ಕೆಟ್ಟಿತೆಂದು ಭ್ರಮಿಸಬಾರದು.

ಹವಳದ ವಿಷಯವನ್ನೂ ಹೇಳಬೇಕು. ಹವಳಕ್ಕಾಗಿ ಅತಿ ಪ್ರಬಲ ನೊರೆಶೋಧಕ ಬೇಕೆನ್ನುವ ಮಾತನ್ನು ಕೇಳಿ ಮರುಳಾಗುವವರುಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ಬಂಡೆ ಕಟ್ಟುವ ಹವಳಗಳೂ ಕಡಲಕುದುರೆಗಳೂ ಸೇರಿದವು. ಮುರ್ಡೇಶ್ವರದ ಬಳಿಯ ನೇತ್ರಾಣಿಯಿರಲಿ, ನಮ್ಮ ದೇಶದ ಬೇರೆ ಕಡಲಿರಲಿ, ಅಲ್ಲಿಂದ ಅವನ್ನು ಕಿತ್ತು ತರುವುದೂ ಮಾರುವುದೂ ಅಪರಾಧ. ಮನೆಗೆ ಒಣಕಲ್ಲೂ, ಸಾಕಣೆಯಲ್ಲಿ ಹುಟ್ಟಿದ ಮೀನೂ ಸಾಕು. ಕ್ಲೌನ್ ಮೀನಿನ ಮರಿಗಳನ್ನು ಸಾಕಣೆಯಲ್ಲೇ ಪಡೆಯುವ ವಿಧಾನವನ್ನು ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೇ ರೂಪಿಸಿದೆ. ಇಂಥ ತೊಟ್ಟಿಗೆ ಮಧ್ಯಮ ತರದ ನೊರೆಶೋಧಕವೇ ಧಾರಾಳ.

ಇನ್ನು ಕೊನೆಯ ಮಾತು. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಕೆನ್ ಫೆಲ್ಡ್‌ಮನ್ ಅವರೂ ಅವರ ಸಂಗಡಿಗರೂ ಹಲವು ನೊರೆಶೋಧಕಗಳನ್ನು ಪರೀಕ್ಷಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ನೀರಿನಲ್ಲಿ ಅಳೆಯಬಹುದಾದ ಜೈವಿಕ ಇಂಗಾಲದಲ್ಲಿ ಸುಮಾರು ಶೇಕಡಾ 20ರಿಂದ 30ರಷ್ಟನ್ನು ಮಾತ್ರ ಅವು ತೆಗೆದವು. ಅವುಗಳ ನಡುವಿನ ಅಂತರವೂ ದೊಡ್ಡದಾಗಿರಲಿಲ್ಲ. ಹಾಗಾದರೆ ಉಳಿದುದನ್ನು ತೆಗೆಯುವವರು ಯಾರು? ಕಲ್ಲಿನಲ್ಲಿರುವ ಸೂಕ್ಷ್ಮಜೀವಿಗಳು, ತಪ್ಪದೆ ನೀರು ಬದಲಿಸುವ ಮನೆಯವರು, ಎಲ್ಲಕ್ಕಿಂತ ಮಿಗಿಲಾಗಿ, ಬೇಕಾದಷ್ಟೇ ಆಹಾರ ಹಾಕುವ ಕೈ. ಹತ್ತು ಲೀಟರ್ ನೀರು ಬದಲಿಸಿದರೆ ಲೀಟರಿಗೆ 35 ಗ್ರಾಮಿನಂತೆ 350 ಗ್ರಾಮ್ ಕಡಲುಪ್ಪು ಬೇಕು. ದುಬಾರಿ ಯಂತ್ರಕ್ಕೆ ಸುರಿಯುವ ಹಣದಲ್ಲಿ ಒಂದಷ್ಟನ್ನು ಈ ಉಪ್ಪಿಗೂ, ನೀರಿನ ಪರೀಕ್ಷೆಗೂ ಉಳಿಸಿಕೊಂಡವರ ತೊಟ್ಟಿ ಬಹುಕಾಲ ಬಾಳುತ್ತದೆ.

ಕಡಲಿನಲ್ಲಿ ಕಶ್ಮಲವನ್ನು ಕರಗಿಸಿಕೊಳ್ಳಲು ಅಪಾರ ಜಲರಾಶಿಯಿದೆ. ತೊಟ್ಟಿಯ ಮೀನಿಗೆ ಇರುವುದು ನಾವು ಕೊಟ್ಟ ನೂರೆಂಬತ್ತು ಲೀಟರ್ ಮಾತ್ರ. ಆ ಹೊಣೆಯನ್ನು ಹೊರಬಲ್ಲೆವೆಂದು ಮನೆಯವರೆಲ್ಲ ಕೂಡಿ ನಿರ್ಧರಿಸಿದ ಮೇಲೆಯೇ ಅಂಗಡಿಯ ಹಾದಿ ಹಿಡಿಯುವುದು ಯೋಗ್ಯ.